ಒಂದು ಗುಳಿಗೆಯೂ 360 ನಿಮಿಷಗಳೂ

ವೈದ್ಯಕೀಯ ಸಂಶೋಧನೆಯ ಪ್ರಬಂಧವನ್ನು ಕಾವ್ಯವನ್ನೋ ಕಾದಂಬರಿಯನ್ನೋ ಪರಾಮರ್ಶಿಸುವಂತೆ ಪರಾಮರ್ಶಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅದರ ಫಲಿತಾಂಶವನ್ನು ವೃತ್ತಪತ್ರಿಕೆಯ ಎರಡು ಸಾಲಿನಲ್ಲಿ ಓದಿ, ನಂಬಿಯೋ ನಂಬದೆಯೋ ಮುಂದಕ್ಕೆ ಸಾಗುತ್ತೇವೆ. ಆ ಪ್ರಬಂಧ ಯಾವ ಪ್ರಶ್ನೆಯನ್ನೆತ್ತಿತು, ಯಾರನ್ನು ಕುರಿತು ಎತ್ತಿತು, ಯಾವುದನ್ನು ಕೇಳದೆ ಬಿಟ್ಟಿತು ಎಂಬ ವಿಚಾರವನ್ನು ವೈದ್ಯರ ಪಾಲಿಗೆ ಬಿಟ್ಟುಬಿಡುತ್ತೇವೆ. ಆದರೆ ಹೃದಯಾಘಾತದ ಕಾರಣ, ಚಿಕಿತ್ಸೆ, ನಿವಾರಣೆಗಳನ್ನು ಕುರಿತು ಸುಮಾರು ಮೂರು ದಶಕಗಳಿಂದ ನಮ್ಮ ಬೆಂಗಳೂರಿನಲ್ಲಿಯೇ, ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯನ್ನು ನೆಲೆಯಾಗಿ ಮಾಡಿಕೊಂಡು ಬೆಳೆದುಬಂದಿರುವ ಸಂಶೋಧನಾ ಪರಂಪರೆಯೊಂದು ಉಂಟು. ಅದು ಈ ಊರಿನ ಪ್ರತಿಯೊಂದು ಮನೆಯ ಆಯುಷ್ಯವನ್ನು ಮುಟ್ಟುವಂಥದಾದುದರಿಂದ, ಅದರ ಗುಣದೋಷಗಳ ವಿವೇಚನೆ ಸಾಮಾನ್ಯ ಓದುಗನಿಗೂ ಸೇರತಕ್ಕದ್ದೆಂದು ನನ್ನ ಭಾವನೆ.

ಆ ಪರಂಪರೆಯ ಆದಿಯಲ್ಲಿ ನಿಲ್ಲುವುದು, ಡಾ. ಪ್ರೇಮ್ ಪೈಸ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ. ಮೊದಲ ಬಾರಿ ಹೃದಯಾಘಾತಕ್ಕೆ ಒಳಗಾದ 200 ಮಂದಿಯನ್ನೂ, ವಯಸ್ಸು ಲಿಂಗಗಳಲ್ಲಿ ಅವರಿಗೆ ಸರಿಸಮರಾದ, ಆದರೆ ಆ ಆಪತ್ತಿಗೆ ಒಳಗಾಗದ ಬೇರೆ 200 ಮಂದಿಯನ್ನೂ ಎದುರುಬದುರಾಗಿ ನಿಲ್ಲಿಸಿ, ಇವರಿಗೂ ಅವರಿಗೂ ಎಲ್ಲಿ ಭೇದವೆಂದು ಅದು ಕೇಳಿತು. ಸಿಗರೇಟನ್ನಾಗಲಿ ಬೀಡಿಯನ್ನಾಗಲಿ ದಿನಕ್ಕೆ ಹತ್ತಕ್ಕೆ ಕಡಮೆಯಿಲ್ಲದಂತೆ ಸೇದುವವರಲ್ಲಿ ಅಪಾಯವು ಹಲವು ಪಾಲು ಅಧಿಕವಾಗಿರುವುದು ಕಾಣಬಂದಿತು. ಬೀಡಿ ಬಡವನ ನಿರಪಾಯವಾದ ಚಟವೆಂದು ತಿಳಿದಿದ್ದವರಿಗೆ ಅದು ಖಂಡಿತವಾದ ಉತ್ತರ. ಅದಕ್ಕಿಂತಲೂ ಗಂಭೀರವಾದುದು ಮತ್ತೊಂದು ಸಂಗತಿ: ಬರಿಹೊಟ್ಟೆಯಲ್ಲಿ ಅಳೆದ ರಕ್ತದ ಸಕ್ಕರೆಯ ಮಟ್ಟವು, ವೈದ್ಯರು ‘ನಾರ್ಮಲ್’ ಎಂದು ಸಮಾಧಾನ ಹೇಳಿ ಕಳುಹಿಸುವ ಮಿತಿಯೊಳಗಿದ್ದಾಗಲೂ, ಏರಿದಂತೆಲ್ಲ ಅಪಾಯವೂ ಏರುತ್ತಿತ್ತು. ನಾನೂರು ಜನರ ಅಧ್ಯಯನದಿಂದ ಜಗತ್ತಿನ ಸತ್ಯವನ್ನು ಸಾಧಿಸಲಾಗದು. ಆದರೂ ಪ್ರಶ್ನೆ ನೇರವಾಗಿತ್ತು, ಉತ್ತರವನ್ನು ಕೊಟ್ಟವರು ಇಲ್ಲಿಯವರಾಗಿದ್ದರು.

ಆ ಪ್ರಶ್ನೆಯೇ ವಿಸ್ತಾರಗೊಂಡು, 2004ರಲ್ಲಿ, 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನವಾಗಿ ಪ್ರಕಟವಾಯಿತು. ಅದರ ಸೂತ್ರಧಾರರಾದ ಡಾ. ಸಲೀಂ ಯೂಸುಫ್ ಸೇಂಟ್ ಜಾನ್ಸ್‌ನಲ್ಲಿಯೇ ವೈದ್ಯವಿದ್ಯೆಯನ್ನು ಕಲಿತು, ಮುಂದೆ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ ನೆಲೆಸಿದವರು. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾಗಿ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡಾ ತೊಂಬತ್ತರಷ್ಟಕ್ಕೆ ಕಾರಣವೆಂದು ಅದು ತೋರಿಸಿತು. ಅದೇ ಸಾಮಗ್ರಿಯಿಂದ 2007ರಲ್ಲಿ ಹೊರಬಂದ ಮತ್ತೊಂದು ವಿಶ್ಲೇಷಣೆಯ ಪ್ರಕಾರ, ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬರುವ ವಯಸ್ಸು 53ರ ಆಸುಪಾಸು. ಇತರ ದೇಶಗಳವರಿಗೆ ಸುಮಾರು 59. ಮಕ್ಕಳ ಮದುವೆ, ಮನೆಯ ಸಾಲ, ನಿವೃತ್ತಿಯ ನಿರೀಕ್ಷೆ ಇವೆಲ್ಲ ಒಂದಾಗಿ ಬರುವ ಕಾಲದಲ್ಲಿ ಕುಟುಂಬದ ಆಧಾರವೇ ಕುಸಿಯುತ್ತದೆಂಬ ಅರ್ಥ ಆ ಆರು ವರ್ಷಗಳ ಅಂತರದಲ್ಲಿ ಅಡಗಿದೆ.

ಇನ್ನು ಗುಳಿಗೆಯ ವಿಚಾರ. ರಕ್ತದೊತ್ತಡಕ್ಕೊಂದು, ಕೊಬ್ಬಿಗೊಂದು, ರಕ್ತ ಹೆಪ್ಪುಗಟ್ಟದಿರಲೊಂದು ಎಂದು ಬೇರೆಬೇರೆಯಾಗಿ ನುಂಗುವ ಔಷಧಗಳನ್ನೆಲ್ಲ ಒಂದೇ ಮಾತ್ರೆಯಲ್ಲಿ ಸೇರಿಸಿ, 55 ವರ್ಷ ದಾಟಿದ ಸರ್ವರಿಗೂ ಕೊಟ್ಟರೆ ಹೃದ್ರೋಗವು ಶೇಕಡಾ 80ಕ್ಕೂ ಮಿಗಿಲಾಗಿ ಇಳಿಯುವುದೆಂದು 2003ರಲ್ಲಿ ಲಂಡನ್ನಿನ ವಾಲ್ಡ್ ಮತ್ತು ಲಾ ಎಂಬಿಬ್ಬರು ಗಣಿತ ಹಾಕಿದರು. ಗಣಿತವು ಗಣಿತವೇ, ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿ ನೋಡುವ ಧೈರ್ಯವನ್ನು ಮೊದಮೊದಲು ಮಾಡಿದವರಲ್ಲಿ ಬೆಂಗಳೂರಿನವರೂ ಇದ್ದರೆಂಬುದು ಹೆಮ್ಮೆಯ ಮಾತು. ಡಾ. ಯೂಸುಫ್, ಡಾ. ಪೈಸ್, ಡಾ. ಡೆನಿಸ್ ಝೇವಿಯರ್ ಮೊದಲಾದವರು ಭಾರತದ 50 ಕೇಂದ್ರಗಳಲ್ಲಿ 2053 ಮಂದಿಯ ಮೇಲೆ ನಡೆಸಿದ ‘ಟಿಪ್ಸ್’ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಐದು ಔಷಧಗಳನ್ನು ಒಂದು ಕೋಶದಲ್ಲಿ ತುಂಬಿದರೂ ಅವು ಒಂದರ ಗುಣವನ್ನೊಂದು ಬಹುಮಟ್ಟಿಗೆ ಕೆಡಿಸುವುದಿಲ್ಲ, ದೇಹವೂ ಅದನ್ನು ಸಹಿಸುತ್ತದೆ ಎಂಬಷ್ಟನ್ನು ಅದು ಸಾಧಿಸಿತು. ಹನ್ನೆರಡು ವಾರಗಳ ಆ ಪರೀಕ್ಷೆ ಅಳೆದದ್ದು ಒತ್ತಡ, ಕೊಬ್ಬು ಮೊದಲಾದುವನ್ನು ಮಾತ್ರ, ಸಾವನ್ನಲ್ಲ. ಅದನ್ನು ಅದು ಮುಚ್ಚಿಡಲೂ ಇಲ್ಲ.

ಸಾವನ್ನೂ ಆಘಾತವನ್ನೂ ಅಳೆದದ್ದು ‘ಟಿಪ್ಸ್-3’. ಇದೇ ನಮ್ಮ ವಿಮರ್ಶೆಯ ಮುಖ್ಯ ವಸ್ತು. ಹೃದ್ರೋಗವಿನ್ನೂ ತಲೆದೋರದ, ಆದರೆ ಅದರ ಅಪಾಯವುಳ್ಳ 5713 ಮಂದಿ, ಒಂಬತ್ತು ದೇಶಗಳಿಂದ. ಅವರಲ್ಲಿ ಅರ್ಧಕ್ಕೆ ಸಮೀಪ ಭಾರತೀಯರು, ಅರ್ಧಕ್ಕೆ ಮಿಗಿಲಾಗಿ ಸ್ತ್ರೀಯರು. ಸ್ತ್ರೀಯರ ಈ ಸಂಖ್ಯೆಯನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ, ಏಕೆಂದರೆ ಹೃದ್ರೋಗದ ಪರೀಕ್ಷೆಗಳು ಬಹುಕಾಲ ಗಂಡಸರ ಪರೀಕ್ಷೆಗಳಾಗಿಯೇ ನಡೆದುಬಂದವು. ಸರಾಸರಿ ನಾಲ್ಕೂವರೆ ವರ್ಷಗಳಿಗೂ ತುಸು ಹೆಚ್ಚಿನ ಅವಧಿಯ ಬಳಿಕ, ಸಂಯುಕ್ತ ಗುಳಿಗೆಯನ್ನು ಪಡೆದವರಲ್ಲಿ ಶೇಕಡಾ 4.4ರಷ್ಟು ಮಂದಿಗೂ, ಹುಸಿಗುಳಿಗೆಯನ್ನು ಪಡೆದವರಲ್ಲಿ ಶೇಕಡಾ 5.5ರಷ್ಟು ಮಂದಿಗೂ ಹೃದಯ ಹಾಗೂ ರಕ್ತನಾಳಗಳ ದೊಡ್ಡ ಆಪತ್ತುಗಳು ಸಂಭವಿಸಿದ್ದವು. ಗುಳಿಗೆಯ ಜೊತೆಗೆ ಆಸ್ಪಿರಿನ್ನನ್ನೂ ಪ್ರತ್ಯೇಕವಾಗಿ ಕೊಟ್ಟಾಗ ಅಂತರ ಹಿಗ್ಗಿತು: 4.1 ಮತ್ತು 5.8.

ಈ ಅಂಕಿಗಳನ್ನು ಹೇಗೆ ಓದಬೇಕು? ಅಪಾಯವು ಶೇಕಡಾ 31ರಷ್ಟು ತಗ್ಗಿತೆಂದರೂ ಸತ್ಯವೇ; ನೂರು ಮಂದಿ ಸುಮಾರು ಐದು ವರ್ಷ ಪ್ರತಿನಿತ್ಯ ಔಷಧ ನುಂಗಿದರೆ ಇಬ್ಬರಿಗಿಂತ ತುಸು ಕಡಮೆ ಮಂದಿ ಆಪತ್ತಿನಿಂದ ಪಾರಾಗುವರೆಂದರೂ ಸತ್ಯವೇ. ಮೊದಲನೆಯ ಮಾತನ್ನು ಮಾತ್ರ ಕೇಳಿದವನು ಉತ್ಸಾಹಿಯಾಗುತ್ತಾನೆ, ಎರಡನೆಯದನ್ನು ಮಾತ್ರ ಕೇಳಿದವನು ಉದಾಸೀನನಾಗುತ್ತಾನೆ; ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು ತೀರ್ಮಾನಿಸುವ ಅಧಿಕಾರ ರೋಗಿಯದು. ಗುಳಿಗೆಯೊಂದರದೇ ಫಲದಲ್ಲಿ ಸಂಖ್ಯಾಶಾಸ್ತ್ರದ ಸಂಶಯಮಿತಿಯ ಮೇಲಂಚು ‘ಯಾವ ಭೇದವೂ ಇಲ್ಲ’ ಎಂಬ ರೇಖೆಯನ್ನು ತಾಗಿಯೇ ನಿಂತಿದೆ. ಪರೀಕ್ಷೆಗೆ ಮೊದಲು ಕೆಲವು ವಾರಗಳ ಪೂರ್ವಾವಧಿಯಲ್ಲಿ ಔಷಧ ಒಗ್ಗದವರನ್ನು ಬೇರ್ಪಡಿಸಿದ್ದುದರಿಂದ, ಅಡ್ಡಪರಿಣಾಮಗಳು ಬೀದಿಯಲ್ಲಿ ಕಾಣುವುದಕ್ಕಿಂತ ಪ್ರಬಂಧದಲ್ಲಿ ಕಡಮೆಯಾಗಿ ಕಂಡಿರಬಹುದು. ಆಸ್ಪಿರಿನ್ನಿನ ವಿಷಯದಲ್ಲಂತೂ, ರೋಗವಿಲ್ಲದವರಿಗೆ ಅದನ್ನು ಕೊಟ್ಟರೆ ರಕ್ತಸ್ರಾವದ ಕೇಡು ಲಾಭವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆಂದು 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ಎಚ್ಚರಿಸಿದ್ದವು. ‘ಟಿಪ್ಸ್-3’ರಲ್ಲಿ ಅಂಥ ಸ್ರಾವ ವಿರಳವಾಗಿತ್ತಾದರೂ, ಅದರ ಆಧಾರದ ಮೇಲೆ ಯಾರೂ ಮೆಡಿಕಲ್ ಶಾಪಿಗೆ ಹೋಗಿ ತಾವೇ ಆಸ್ಪಿರಿನ್ ಕೊಂಡು ನುಂಗಲಾಗದು. ಈ ಗುಳಿಗೆಯ ತಯಾರಕರಾದ ಕ್ಯಾಡಿಲಾ ಸಂಸ್ಥೆಯ ಧನಸಹಾಯವೂ ಪರೀಕ್ಷೆಗೆ ಇದ್ದಿತೆಂಬುದನ್ನು ಲೇಖಕರು ಬಹಿರಂಗವಾಗಿಯೇ ಹೇಳಿದ್ದಾರೆ. ಓದುಗನು ಅದನ್ನು ನೆನಪಿನಲ್ಲಿಡತಕ್ಕದ್ದು.

ಆದರೆ ಈ ಎಲ್ಲ ಆಕ್ಷೇಪಗಳಿಗಿಂತ ಆಳವಾದುದು ಪ್ರಬಂಧವು ತಾನಾಗಿಯೇ ಒಪ್ಪಿಕೊಂಡ ಒಂದು ಸಂಗತಿಯಲ್ಲಿದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಗಣನೀಯ ಸಂಖ್ಯೆಯ ಜನ ಔಷಧವನ್ನು ಬಿಟ್ಟಿದ್ದರು. ಬಿಟ್ಟವರಲ್ಲಿ ಬಹುಮಂದಿ ಅಡ್ಡಪರಿಣಾಮದಿಂದ ಬಿಟ್ಟವರಲ್ಲ. ಔಷಧದ ಸರಬರಾಜಿನಲ್ಲಿ ತಡೆಯುಂಟಾಯಿತು, ಕೊನೆಗೆ ಕೋವಿಡ್ ಬಂದಿತು. ತಜ್ಞರ ಮೇಲ್ವಿಚಾರಣೆಯಲ್ಲಿ, ಪುಕ್ಕಟೆಯಾಗಿ ಹಂಚುವ ಔಷಧದ ಗತಿಯೇ ಇದಾದರೆ, ಕೈಯಿಂದ ಹಣ ತೆತ್ತು ಕೊಳ್ಳುವವನ ಗತಿ ಏನಾದೀತು?

ಇಲ್ಲಿ ನಾನು ಇದೇ ಪರಂಪರೆಯ ಇನ್ನೊಂದು ಕೃತಿಯತ್ತ ತಿರುಗಲೇಬೇಕಾಗಿದೆ. ನನ್ನ ಎಣಿಕೆಯಲ್ಲಿ ಇದೇ ಇವೆಲ್ಲಕ್ಕೂ ಮಿಗಿಲಾದುದು. 2008ರಲ್ಲಿ ಡಾ. ಝೇವಿಯರ್ ಮತ್ತು ಸಂಗಡಿಗರು ಪ್ರಕಟಿಸಿದ ‘ಕ್ರಿಯೇಟ್’ ಎಂಬ ಈ ದಾಖಲೆ, 50 ನಗರಗಳ 89 ಆಸ್ಪತ್ರೆಗಳಲ್ಲಿ ಸೇರಿದ 20,468 ಹೃದ್ರೋಗಿಗಳ ವೃತ್ತಾಂತ. ಇದರಲ್ಲಿ ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಬಂದವರು ಯಾರು, ಎಷ್ಟು ಹೊತ್ತಿಗೆ ಬಂದರು, ಏನನ್ನು ಪಡೆದರು, ತಿಂಗಳಾದ ಮೇಲೆ ಬದುಕಿದ್ದರೇ ಎಂಬಷ್ಟೇ ವಿಷಯ. ನೋವು ತೋರಿದಾಗಿನಿಂದ ಆಸ್ಪತ್ರೆಯ ಬಾಗಿಲಿಗೆ ಬರುವತನಕ ಕಳೆದ ವೇಳೆಯ ಮಧ್ಯಾಂಕ 360 ನಿಮಿಷ. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವುದಕ್ಕೆ 50 ನಿಮಿಷ. ವೈದ್ಯರ ವಿಳಂಬಕ್ಕಿಂತ ಏಳು ಪಾಲು ಅಧಿಕವಾದ ವಿಳಂಬ ಆಸ್ಪತ್ರೆಯ ಹೊರಗಡೆ ನಡೆಯುತ್ತಿತ್ತೆಂದಾಯಿತು. ಮೂವತ್ತು ದಿನಗಳೊಳಗಾಗಿ ಬಡವರಲ್ಲಿ ಶೇಕಡಾ 8.2ರಷ್ಟು ಮಂದಿ ತೀರಿಕೊಂಡರು, ಶ್ರೀಮಂತರಲ್ಲಿ 5.5ರಷ್ಟು. ಅನಂತರ ಬರುವ ವಾಕ್ಯವೇ ಈ ಕೃತಿಯ ಪ್ರಾಣ: ಇಬ್ಬರೂ ಪಡೆದ ಚಿಕಿತ್ಸೆಯ ಭೇದವನ್ನು ಲೆಕ್ಕದಲ್ಲಿ ಸರಿದೂಗಿಸಿದೊಡನೆ ಸಾವಿನ ಭೇದವೂ ಇಲ್ಲವಾಯಿತು. ಅಪಾಯದ ಅಂಶಗಳ ಭೇದವನ್ನು ಸರಿದೂಗಿಸಿದಾಗ ಅದು ಇಲ್ಲವಾಗಲಿಲ್ಲ. ಬಡವನ ಹೃದಯ ಬೇರೆ ಬಗೆಯದೆಂದು ಹೇಳಿಕೊಳ್ಳಲು ಯಾರಿಗೂ ಇನ್ನು ಎಡೆಯಿಲ್ಲ.

ಆ 360 ನಿಮಿಷಗಳಲ್ಲಿ ಏನು ನಡೆಯುತ್ತದೆಂಬುದನ್ನು ಪ್ರಬಂಧ ಹೇಳುವುದಿಲ್ಲ, ಹೇಳಲು ಅದಕ್ಕೆ ಎಡೆಯೂ ಇಲ್ಲ. ಆದರೆ ನಾನು ವಾಸಿಸುವ ಕಮ್ಮನಹಳ್ಳಿಯಲ್ಲಿ ಅದನ್ನು ಊಹಿಸುವುದು ಕಷ್ಟವಲ್ಲ. ನೆಹರೂ ರಸ್ತೆಯ ಇಕ್ಕೆಲಗಳಲ್ಲಿ ಹೋಟೆಲು ಬೇಕರಿಗಳು ಮಧ್ಯರಾತ್ರಿ ಸಮೀಪಿಸುವತನಕ ಬೆಳಗುತ್ತಿರುತ್ತವೆ. ಅವುಗಳಲ್ಲಿ ದುಡಿಯುವವರು, ಲಿಂಗರಾಜಪುರ ಬಾಣಸವಾಡಿಗಳ ಆಟೋ ಚಾಲಕರು, ಮನೆಗೆಲಸದ ಹೆಂಗಸರು, ಕನ್ನಡ ತಮಿಳು ಮಲೆಯಾಳ ತೆಲುಗು ಉರ್ದುಗಳಲ್ಲಿ ಒಂದೇ ಮಾತನ್ನು ಆಡುತ್ತಾರೆ: ‘ಗ್ಯಾಸ್ಟ್ರಿಕ್ ಇರಬೇಕು’. ಎದೆ ಹಿಂಡಿದಂತಾದಾಗ ಮೊದಲು ಸೋಡಾ, ಬಳಿಕ ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ, ಬಳಿಕ ಸ್ವಲ್ಪ ಮಲಗಿ ನೋಡೋಣವೆಂಬ ನಿರ್ಧಾರ, ಬಳಿಕ ಇಸಿಜಿ ಇಲ್ಲದ ಕ್ಲಿನಿಕ್ಕು, ಕಡೆಗೆ ಮುಂಗಡವೆಷ್ಟೆಂಬ ಅಂಜಿಕೆಯಿಂದ ಹತ್ತಿರದ ಆಸ್ಪತ್ರೆಯನ್ನು ಬಿಟ್ಟು ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಊರನ್ನೆಲ್ಲ ಹಾದು ಹೋಗುವ ಪಯಣ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ, ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಹೊತ್ತ ‘ಹೃದಯ ಜ್ಯೋತಿ’ ಯೋಜನೆಯನ್ನು ನಮ್ಮ ರಾಜ್ಯ ಕೈಗೊಂಡಿರುವುದು ಈ ದೃಷ್ಟಿಯಿಂದ ಸರಿಯಾದ ಉತ್ತರ. ಅದು ಗುಳಿಗೆಗಿಂತ ಮೊದಲು ಬರಬೇಕಾಗಿದ್ದ ಉತ್ತರವೆಂದೂ ನಾನು ಹೇಳುವೆನು.

ಹಾಗೆಂದು ಗುಳಿಗೆಯನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು, ಅದು ನ್ಯಾಯವೇ. ನನ್ನ ಆಕ್ಷೇಪವಿಷ್ಟೆ: ಗುಳಿಗೆಯಲ್ಲಿ ಏನಿದೆಯೆಂಬುದಕ್ಕೆ ಸಂದ ಪರಿಶ್ರಮ, ಅದನ್ನು ಯಾರು ತಂದುಕೊಡುವರು, ಬಿಟ್ಟರೆ ಯಾರು ಕೇಳುವರು ಎಂಬುದಕ್ಕೆ ಸಲ್ಲಲಿಲ್ಲ. ಆ ಪ್ರಶ್ನೆಯನ್ನೂ ಕೈಗೆತ್ತಿಕೊಂಡವರು ಇದೇ ಬಳಗದವರು. 2016ರ ‘ಸ್ಪ್ರೆಡ್’ ಪರೀಕ್ಷೆಯಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ 806 ಮಂದಿಯಲ್ಲಿ ಅರ್ಧದಷ್ಟು ಜನರ ಮನೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೋಗಿ, ಮಾತ್ರೆಯ ವಿಚಾರವನ್ನೂ ಊಟದ ವಿಚಾರವನ್ನೂ ಮಾತನಾಡಿ ಬಂದರು. ವರ್ಷದ ಕೊನೆಯಲ್ಲಿ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಹೀಗೆ ಭೇಟಿ ಪಡೆದವರಲ್ಲಿ ಶೇಕಡಾ 97, ಉಳಿದವರಲ್ಲಿ 92. ಸಾವಿನ ದವಡೆಯಿಂದ ಹಿಂದಿರುಗಿದವರು ಯಾರೂ ಹೇಳದಿದ್ದರೂ ಮಾತ್ರೆ ನುಂಗುವರು. ಆರೋಗ್ಯವಾಗಿದ್ದೇನೆಂದು ನಂಬಿರುವವನ ಮನೆಯಲ್ಲಿ ಆ ಅಂತರ ಇನ್ನೂ ದೊಡ್ಡದಾದೀತೆಂದು ನನ್ನ ಅಭಿಪ್ರಾಯ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಗೊಂಡ ‘ಗೃಹ ಆರೋಗ್ಯ’ ಯೋಜನೆ, ಬಿಪಿ ಶುಗರುಗಳ ತಪಾಸಣೆಯನ್ನೂ ಮಾತ್ರೆಯನ್ನೂ ಮನೆಬಾಗಿಲಿಗೆ ತರುವ ಸಂಕಲ್ಪದ್ದಾದುದರಿಂದ, ಈ ಗುಳಿಗೆಯನ್ನು ಮತ್ತೊಮ್ಮೆ ಪರೀಕ್ಷಿಸಲು ತಕ್ಕ ದಾರಿ ಅಲ್ಲಿಯೇ ತೆರೆದಿದೆ.

ಆದರೆ ಅಂಥ ಪರೀಕ್ಷೆಯನ್ನು ಹಳ್ಳಿಯಲ್ಲಿ ಮಾಡಿದರಷ್ಟೇ ಸಾಲದು. ಇಂಥ ಅಧ್ಯಯನಗಳು ಸ್ವಭಾವತಃ ವಿಳಾಸ ಸ್ಥಿರವಾಗಿರುವವರನ್ನು ಆರಿಸಿಕೊಳ್ಳುತ್ತವೆ. ಕಮ್ಮನಹಳ್ಳಿಯಂಥ ಬಡಾವಣೆಯಲ್ಲಿ ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಬಾಡಿಗೆ ಏರುತ್ತದೆ, ಸಂಸಾರವು ಹೆಣ್ಣೂರಿಗೋ ಹೊರಮಾವಿಗೋ ಎದ್ದುಹೋಗುತ್ತದೆ, ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಒಂದು ಹೆಸರು ಅಳಿದು ಮತ್ತೊಬ್ಬಳ ಪಟ್ಟಿಗೆ ಸೇರದೆ ಉಳಿಯುತ್ತದೆ. ಐವತ್ಮೂರರ ಪ್ರಾಯದ ಆ ಬಾಡಿಗೆದಾರನಿಗೆ ಹೊಸ ಮನೆಯಲ್ಲಿಯೂ ಮುಂದಿನ ತಿಂಗಳ ಮಾತ್ರೆ ತಲಪುವುದೇ ಎಂಬುದನ್ನು ಅಳೆಯುವ ಅಧ್ಯಯನವನ್ನು ಸೇಂಟ್ ಜಾನ್ಸ್‌ನವರೇ ಕೈಗೊಳ್ಳಬೇಕೆಂದು ನಾನು ಕೋರುತ್ತೇನೆ. ಅದಕ್ಕೆ ಬೇಕಾದ ವಿದ್ಯೆಯೂ ಅನುಭವವೂ ಈ ಊರಿನಲ್ಲಿ ಅವರಿಗಿಂತ ಹೆಚ್ಚಾಗಿ ಬೇರಾರಲ್ಲಿಯೂ ನನಗೆ ಕಾಣುವುದಿಲ್ಲ.