ಊಮು ಸಂಗಾರೆಗೆ ರತನ್‌ಪುರದ ದಾರಿ

ಸೂರತ್ತಿನ ಕನ್ನಡಿಗರಿಗೆ ಆಫ್ರಿಕಾದ ಹಾಡಿನ ರುಚಿ ಹತ್ತಬೇಕಾದರೆ ಮೊದಲು ಭರೂಚ್ ಜಿಲ್ಲೆಯ ಝಗಡಿಯಾ ಕಡೆಯ ರತನ್‌ಪುರಕ್ಕೆ ಹೋಗಿಬರಬೇಕು. ಅಕೀಕು ಕಲ್ಲಿನ ನೆಲ ಅದು. ಅಲ್ಲಿನ ಗುಡ್ಡದ ಮೇಲೆ, ಆಫ್ರಿಕಾದಿಂದ ಬಂದು ಆ ಕಲ್ಲಿನ ವ್ಯಾಪಾರ ಬೆಳೆಸಿದರೆಂಬ ಪ್ರತೀತಿಯಿರುವ ಬಾವಾ ಗೋರ್ ಅವರ ದರ್ಗಾ ಇದೆ. ಅವರ ತಂಗಿ ಮಾಯಿ ಮಿಸ್ರಾಳ ಸನ್ನಿಧಿಯೂ ಇದೆ. ಉರುಸಿಗೆ ಹೋದರೆ ಆಫ್ರಿಕಾ ಮೂಲದ ಸಿದ್ದಿಗಳ ಹಾಡು-ಕುಣಿತವಾದ ಧಮಾಲ್ ಸಿಗುತ್ತದೆ: ಕಾಲುಳ್ಳ ದೊಡ್ಡ ಡೋಲು ಮುಗರ್‌ಮಾನ್, ಒಂಟಿ ತಂತಿಯ ಬಿಲ್ಲಿಗೆ ಸೋರೆಬುರುಡೆ ಕಟ್ಟಿದ ಮಲುಂಗಾ, ತೆಂಗಿನ ಚಿಪ್ಪಿನ ಗಿಲಕಿ. ಆ ಗಿಲಕಿಗೆ ಮಾಯಿ ಮಿಸ್ರಾಳದೇ ಹೆಸರು.

ಅಲ್ಲಿ ಹಾಡುವವರನ್ನು ಬಿಟ್ಟು ಒಂದೇ ಡೋಲಿಗೆ ಕಿವಿಗೊಡಿ. ಅದು ನುಡಿಸಿದ್ದನ್ನೇ ನುಡಿಸುತ್ತದೆ, ಉಳಿದವು ಸಂದಿಯಲ್ಲಿ ನುಗ್ಗುತ್ತವೆ. ತೊಡೆ ತಟ್ಟಿ ಸಮ ಹುಡುಕುವ ನಮ್ಮ ಚಟ ಇಲ್ಲಿ ಕೆಲಸಕ್ಕೆ ಬಾರದು. ಒಬ್ಬರು ಸಾಲೆತ್ತಿದರೆ ಗುಂಪು ಓಗೊಡುತ್ತದೆ. ಅಷ್ಟು ಗುರುತು ಸಿಕ್ಕರೆ ಸಾಕು.

ಆಮೇಲೆ ಗಾಯಕಿ ಊಮು ಸಂಗಾರೆ. ಒಂದು ಎಚ್ಚರ: ಸಿದ್ದಿಗಳ ಹಿರಿಯರು ಬಹುಪಾಲು ಪೂರ್ವ ಆಫ್ರಿಕಾದವರು, ಊಮು ಪಶ್ಚಿಮದ ಮಾಲಿಯವರು. ಇವೆರಡನ್ನೂ ಒಂದೇ ಸಂಗೀತವೆಂದು ನಂಟು ಬೆಸೆಯಬೇಡಿ. ಧಮಾಲ್ ಈಗ ಗುಜರಾತಿನದೇ ಸೊತ್ತು.

1968ರಲ್ಲಿ ಬಮಾಕೊದಲ್ಲಿ ಹುಟ್ಟಿದ ಊಮು, ತಾಯಿಯಂತೆ ತಾವೂ ಚಿಕ್ಕಂದಿನಿಂದಲೇ ಮದುವೆ, ನಾಮಕರಣಗಳಲ್ಲಿ ಹಾಡಿ ಮನೆ ನಡೆಸಿದವರು. ಅವರದು ದಕ್ಷಿಣ ಮಾಲಿಯ ವಾಸುಲು ಸಂಗೀತ. ಅಲ್ಲಿ ಹಾಡುವುದಕ್ಕೆ ವಂಶಪಾರಂಪರ್ಯದ ಹೊಗಳು ಹಾಡುಗಾರರಾದ ಗ್ರಿಯೋಗಳಂತೆ ವಂಶದ ಹಕ್ಕು ಬೇಕಿಲ್ಲ, ಹಾಗಾಗಿ ದೊರೆ ಸಾಹುಕಾರರನ್ನು ಹೊಗಳುವ ಹಂಗೂ ಇಲ್ಲ. ಊಮು ಸವತಿಕಾಟವನ್ನು, ಬಲವಂತದ ಮದುವೆಯನ್ನು ನೇರವಾಗಿ ಜರೆದರು. ಮೊದಲ ಆಲ್ಬಂ ‘ಮುಸೊಲು’ವಿನಿಂದಲೇ ಈ ದನಿ ಶುರು.

ಕೇಳುವಾಗ ಮೊದಲು ಕಮಲೆ ಎನ್‌ಗೋನಿ ಹಿಡಿಯಿರಿ. ಬೇಟೆಗಾರರ ವಾದ್ಯದಿಂದ ಯುವಕರು ಮಾಡಿಕೊಂಡ ಬುರುಡೆಯ ತಂತಿವಾದ್ಯವದು, ಕೆಳಸ್ವರದಲ್ಲಿ ಕುಪ್ಪಳಿಸುತ್ತಿರುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ, ಇಯರ್‌ಫೋನ್ ಹಾಕಿಕೊಳ್ಳಿ. ಅದರ ಮೇಲೆ ಕವಡೆ ಪೋಣಿಸಿದ ಸೋರೆಬುರುಡೆಯ ಸರಬರ, ಹೆಂಗಸರ ಮೇಳದ ಮಾರುತ್ತರ. ಊಮು ಅವಸರಿಸುವುದಿಲ್ಲ. ತಾಳದ ಹಿಂದೆ ಜಾರಿ ನಿಂತು, ಮೇಳ ಮುಗಿಯುವಷ್ಟರಲ್ಲಿ ಗಂಟಲು ಬಿಚ್ಚಿ ಮೇಲಿನಿಂದ ಇಳಿಯುತ್ತಾರೆ. ಐದು ಸ್ವರಗಳ ಓಡಾಟ ಕೇಳಿದೊಡನೆ ‘ಇದು ಯಾವ ರಾಗ?’ ಎನ್ನುವ ನಾಲಿಗೆಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕಿ.

ಮಾತು ಬಂಬಾರಾ, ಅರ್ಥ ಎರಡನೇ ಸಲಕ್ಕಿರಲಿ. 2017ರ ‘ಮೊಗೊಯಾ’ದಲ್ಲಿ ಡ್ರಮ್ಸ್, ಕೀಬೋರ್ಡ್ ಹೆಚ್ಚು. ಹುಡುಗರಿಗೆ ಅದೇ ಇಷ್ಟವಾದೀತು, ನನ್ನ ಓಟು ಮಾತ್ರ ‘ಮುಸೊಲು’ವಿಗೆ. ಅದು ಹತ್ತಿದರೆ ಮುಂದೆ, ಗಿಟಾರು ಹಿಡಿದು ಹಾಡುವ ಫಾತುಮಾತಾ ಜಾವಾರಾ ಅವರ 2018ರ ‘ಫೆನ್ಫೊ’ ಕೇಳಿ.