ಕ್ಷಮೆಗೆ ಮೀಸಲಾದ ಒಂದು ಸೂಚನೆ

ವಿದ್ಯುನ್ಮಾನ ಅಂಚೆಯ ಶಿಷ್ಟಾಚಾರವನ್ನು ಕುರಿತ ಬರಹಗಳಲ್ಲಿ, 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ‘ಆರ್‌ಎಫ್‌ಸಿ 1855’ ಎಂಬ ಮಾರ್ಗಸೂಚಿಗೆ ವಿಶಿಷ್ಟ ಸ್ಥಾನವಿದೆ. ಇದನ್ನು ಸಿದ್ಧಪಡಿಸಿದವರು ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್. ಇಂತಹ ಬರಹದ ಅಗತ್ಯ ಆಗಲೇ ಕಂಡುಬಂದಿತ್ತು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಿಗೆ ಕಳುಹಿಸಿದ್ದರು. ಓದುಗರು ತೀವ್ರವಾಗಿ ಪ್ರತಿಭಟಿಸಿದರೂ ಅವರು ಪಶ್ಚಾತ್ತಾಪ ಪಡಲಿಲ್ಲ. ಬದಲಾಗಿ, ಅದೇ ಮಾರ್ಗವನ್ನು ಇತರರಿಗೆ ಬೋಧಿಸುವ ಪುಸ್ತಕವನ್ನು ಬರೆದರು.

ಮಾರ್ಗಸೂಚಿಯ ಹಿರಿಮೆಯಿರುವುದು ಅದರ ಒಂದು ಸರಳ ತಿಳಿವಿನಲ್ಲಿ. ಕಾಗದದ ಅಂಚೆಯಲ್ಲಿ ವೆಚ್ಚವೆಲ್ಲ ಕಳುಹಿಸುವವನದು. ವಿದ್ಯುನ್ಮಾನ ಅಂಚೆಯಲ್ಲಾದರೋ ಪಡೆಯುವವನೂ ಹೆಚ್ಚುಕಡಿಮೆ ಸಮಪಾಲು ತೆರುತ್ತಾನೆ. ಆದ್ದರಿಂದ ಬೇಡದ ಪತ್ರವೆಂದರೆ ಬರಿಯ ಅಸಭ್ಯತೆಯಲ್ಲ, ಪರರು ಕೊಡದುದನ್ನು ಕೊಂಡಂತೆ. ಶಿಷ್ಟಾಚಾರವನ್ನು ನೀತಿಯ ನೆಲೆಗೆ ಏರಿಸುವ ಮಾತಿದು. ಆದರೆ ಇದರಲ್ಲೊಂದು ದೌರ್ಬಲ್ಯವೂ ಉಂಟು. ಇಂದು ಪತ್ರವೊಂದನ್ನು ಪಡೆಯಲು ತಗಲುವ ಹಣ ನಗಣ್ಯ. ವೆಚ್ಚವೇ ಸಂಯಮಕ್ಕೆ ಆಧಾರವಾಗಿದ್ದಲ್ಲಿ, ವೆಚ್ಚ ಕರಗಿದೊಡನೆ ಸಂಯಮವೂ ಕರಗಬೇಕಾಗುತ್ತದೆ. ಓದುವವನ ಗಮನ ಹಾಗೂ ಮನಶ್ಶಾಂತಿಗಳು ಹಣದಲ್ಲಿ ಅಳೆಯಲಾಗದವು. ಅವುಗಳ ನಷ್ಟ ಈಗಲೂ ಕಡಮೆಯಾಗಿಲ್ಲ.

ಕ್ಷಮೆಯ ವಿಚಾರದಲ್ಲಿ ಈ ಬರಹ ಹೇಳುವುದು ಅತ್ಯಲ್ಪ. ಆದರೂ ಅದರ ಅತ್ಯಂತ ಸೂಕ್ಷ್ಮವಾದ ಭಾಗವೇ ಅದು. ಖಾಸಗಿ ಪತ್ರವೊಂದು ಪ್ರಮಾದದಿಂದ ಗುಂಪಿಗೆ ಹೋದಲ್ಲಿ, ಆ ವ್ಯಕ್ತಿಯನ್ನೂ ಗುಂಪನ್ನೂ ಕ್ಷಮೆ ಕೇಳಬೇಕೆಂದು ಅದು ವಿಧಿಸುತ್ತದೆ. ಇಲ್ಲಿ ತಪ್ಪು ಒಂದೇ, ನೊಂದವರು ಇಬ್ಬಗೆ: ಒಬ್ಬರ ವಿಶ್ವಾಸ ಬಯಲಾಗಿದೆ, ಅನೇಕರ ವೇಳೆ ವ್ಯರ್ಥವಾಗಿದೆ. ಗುಂಪಿಗೆ ಸಾರ್ವತ್ರಿಕವಾಗಿ ‘ಕ್ಷಮಿಸಿ’ ಎಂದುಬಿಟ್ಟರೆ ಮೊದಲನೆಯ ಋಣ ತೀರದು.

ಕ್ಷಮಾಪತ್ರದ ಸ್ವರೂಪ ಹೇಗಿರಬೇಕೆಂಬ ಬಗ್ಗೆ ಮಾತ್ರ ಬರಹ ಮೌನವಾಗಿದೆ. ಕೊರತೆಯಿರುವುದು ಇಲ್ಲಿಯೇ. ಗುಂಪಿಗೆ ಕಳುಹಿಸಿದ ಕ್ಷಮಾಪತ್ರವೂ ಎಲ್ಲರ ಬಾಗಿಲಿಗೆ ಬರುವ ಇನ್ನೊಂದು ಪತ್ರವೇ. ಅದು ದೀರ್ಘ ಸಮರ್ಥನೆಯಾದರೆ ಅಪರಾಧ ಇಮ್ಮಡಿಸುತ್ತದೆ. ‘ಪರವಾಗಿಲ್ಲ’ ಎಂದು ಸದಸ್ಯರೆಲ್ಲ ಗುಂಪಿಗೇ ಉತ್ತರಿಸತೊಡಗಿದರೆ ಔದಾರ್ಯವೂ ಉಪದ್ರವವಾಗುತ್ತದೆ. ತಪ್ಪನ್ನು ಹೆಸರಿಸುವ ಎರಡು ಸಾಲು ಗುಂಪಿಗೆ ಸಾಕು; ನೊಂದ ವ್ಯಕ್ತಿಗೆ ಪ್ರತ್ಯೇಕ ಪತ್ರ; ಕ್ಷಮಿಸುವವರಿಗೆ ಮೌನವೇ ಭೂಷಣ. ಇಷ್ಟಾದ ಮೇಲೆ ಉಳಿಯುವ ಕರ್ತವ್ಯ ಬರವಣಿಗೆಯದಲ್ಲ. ಮುಂದಿನ ಸಲ ಪತ್ರವನ್ನು ಕಳುಹಿಸುವ ಮುನ್ನ ವಿಳಾಸವನ್ನು ಮತ್ತೊಮ್ಮೆ ನೋಡುವುದರಲ್ಲಿಯೇ ಆ ಕ್ಷಮಾಯಾಚನೆ ಪೂರ್ಣವಾಗುತ್ತದೆ.