ಅರವತ್ತನಾಲ್ಕು ಮನೆ, ತೊಂಬತ್ತನಾಲ್ಕು ರಾಗ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂವು ತರಕಾರಿಗಳನ್ನು ಕೊಂಡು, ಮಿನರ್ವ ವೃತ್ತವನ್ನು ದಾಟಿ, ಪುರಭವನದ ಕಡೆಗೆ ಜೆ.ಸಿ. ರಸ್ತೆಯಲ್ಲಿ ದಿನವೂ ಸಾಗತಕ್ಕ ಅಸಂಖ್ಯಾತ ಜನರಲ್ಲಿ, ಮೋಟಾರು ಬಿಡಿಭಾಗಗಳ ಅಂಗಡಿಗಳಿಂದಲೇ ಈಗ ಪ್ರಸಿದ್ಧವಾಗಿರುವ ಆ ಬೀದಿಯು ಯಾವ ಮಹನೀಯರ ಹೆಸರನ್ನು ಹೊತ್ತಿದೆಯೋ ಆ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಯೌವನದಲ್ಲಿ ಕಛೇರಿಯ ಪಿಯಾನೋವಾದಕರಾಗಬೇಕೆಂದು ಹಂಬಲಿಸಿದ್ದರೆಂಬುದನ್ನು ಬಲ್ಲವರು ವಿರಳ. ಅವರು ರಚಿಸಿದ ಕೃತಿಗಳನ್ನು ಕೇಳಿದವರೇ ಇಲ್ಲವೆಂದಲ್ಲ. ಕೆ.ಆರ್. ರಸ್ತೆಯ ಗಾಯನ ಸಮಾಜದಲ್ಲಾಗಲಿ, 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯವರು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಏರ್ಪಡಿಸುವ ರಾಮನವಮಿಯ ಉತ್ಸವದಲ್ಲಾಗಲಿ ನಾಲ್ಕು ಕಛೇರಿಗಳಿಗೆ ಕುಳಿತವನ ಕಿವಿಗೆ ಅವು ಹೇಗೂ ಬಿದ್ದೇ ಇರುತ್ತವೆ. ಆದರೆ ಕಿವಿಗೆ ಬಿದ್ದದ್ದೆಲ್ಲ ಮನಸ್ಸಿಗೆ ದಕ್ಕಿತೆಂದು ಹೇಳಲಾಗದು. ಹೊಸದಾಗಿ ಸಂಗೀತಕ್ಕೆ ಮನಸೋತ ರಸಿಕನಿಗೆ ಈ ಕೃತಿಗಳನ್ನು ಆಸ್ವಾದಿಸುವ ಮಾರ್ಗವೊಂದನ್ನು ತೋರಿಸಲು ಹೊರಟ ನಾನು ಸೂಚಿಸತಕ್ಕ ಪ್ರಥಮ ಸಾಧನೆಯು ಕೆಲವರಿಗೆ ವಿಚಿತ್ರವೆಂದು ತೋರಬಹುದು: ಶ್ರುತಿಪೆಟ್ಟಿಗೆಯನ್ನು ತೆರೆಯುವುದಕ್ಕೆ ಮುನ್ನ ಚದುರಂಗದ ಹಾಸನ್ನು ಬಿಚ್ಚತಕ್ಕದ್ದು.

ಇದಕ್ಕೆ ಕಾರಣವು ಆ ರಾಜಮನೆತನದಲ್ಲಿಯೇ ಇದೆ. ಜಯಚಾಮರಾಜರ ಮುತ್ತಾತನವರಾದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಳುವ ಅಧಿಕಾರವನ್ನು ಆಂಗ್ಲರು ಕಿತ್ತುಕೊಂಡ ಬಳಿಕ, ಆ ದೀರ್ಘವಾದ ನಿರ್ಬಂಧದ ವರ್ಷಗಳನ್ನು ವ್ಯರ್ಥವಾಗಿ ಕಳೆಯದೆ, ವಿದ್ಯೆ ಕಲೆ ಆಟಗಳ ವ್ಯವಸಾಯದಲ್ಲಿ ತೊಡಗಿದವರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ಯೆಂಬ ಒಂದು ಭಾಗವೇ ಕ್ರೀಡೆಗಳಿಗೆ ಮೀಸಲು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಸೆಳೆದದ್ದು ಕುದುರೆಯ ನಡೆ: ಅರವತ್ತನಾಲ್ಕು ಮನೆಗಳ ಹಾಸಿನ ಮೇಲೆ ಒಂದೇ ಕುದುರೆಯನ್ನು, ಒಂದು ಮನೆಯನ್ನೂ ಬಿಡದೆ, ಒಂದು ಮನೆಯನ್ನೂ ಎರಡನೆಯ ಸಲ ಮೆಟ್ಟದೆ ಸುತ್ತಿಸಿ ತರುವ ವಿದ್ಯೆ. ಇಷ್ಟಕ್ಕೇ ತೃಪ್ತರಾಗದ ದೊರೆಗಳು, ಕುದುರೆ ಹಾದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿಗಳನ್ನು ಬರೆದರೆ ಅಡ್ಡಸಾಲುಗಳಲ್ಲಿ ಯಾವುದನ್ನು ಕೂಡಿದರೂ, ಕಂಬಸಾಲುಗಳಲ್ಲಿ ಯಾವುದನ್ನು ಕೂಡಿದರೂ 260 ಬರುವಂತಹ ನಡೆಗಳನ್ನು ಸಾಧಿಸಿದರು. ಯೂರೋಪಿನಲ್ಲಿ ಇಂಥದೊಂದು ನಡೆ ಮೊತ್ತಮೊದಲು ಅಚ್ಚಾದದ್ದು 1848ರಲ್ಲಿ. ಮೈಸೂರಿನ ಅರಮನೆಯಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಕೆಲಸ ನಡೆದಿತ್ತು.

ಓದಿ ತಿಳಿಯುವುದಕ್ಕಿಂತ ಆಡಿ ತಿಳಿಯುವುದು ಮೇಲು. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನೆರೆಯುವ ಪರಿಷೆಯಿಂದ ಒಂದು ಸೇರು ಕಡಲೆಕಾಯಿ ತಂದು, ಹಾಸಿನ ಮನೆಮನೆಗೂ ಒಂದೊಂದನ್ನು ಇಟ್ಟು, ಕುದುರೆಯನ್ನು ಮೂಲೆಯಲ್ಲಿ ನಿಲ್ಲಿಸತಕ್ಕದ್ದು. ಅದು ನೆಗೆದ ಮನೆಯ ಕಾಯಿಯನ್ನು ಸುಲಿದು ಬಾಯಿಗೆ ಹಾಕಿಕೊಳ್ಳಬಹುದು. ಬರಿದಾದ ಮನೆಗೆ ಮತ್ತೆ ಹೋಗಕೂಡದು. ಮೊದಲ ಇಪ್ಪತ್ತು ನೆಗೆತಗಳು ಸರಾಗವಾಗಿ ಸಾಗುತ್ತವೆ. ನಡುಮನೆಯಲ್ಲಿರುವ ಕುದುರೆಗೆ ಎಂಟು ದಿಕ್ಕಿಗೆ ದಾರಿಯುಂಟಾದುದರಿಂದ ಆಟಗಾರನು ತಾನು ಸರ್ವತಂತ್ರ ಸ್ವತಂತ್ರನೆಂದು ಭ್ರಮಿಸುತ್ತಾನೆ. ಮೂಲೆಗಳ ಕಾಯಿಗಳು ಉಳಿದುಹೋದವೆಂಬುದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ, ಏಕೆಂದರೆ ಮೂಲೆಯ ಮನೆಗೆ ಇರುವುದು ಎರಡೇ ದಾರಿ. ಬಲ್ಲವನ ಕ್ರಮ ಇದಕ್ಕೆ ವಿಪರೀತವಾದದ್ದು: ಮುಂದೆ ಯಾವ ಮನೆಯಿಂದ ಹೊರಬೀಳುವ ದಾರಿಗಳು ಅತ್ಯಲ್ಪವೋ ಅಲ್ಲಿಗೇ ಅವನು ಮೊದಲು ಹೋಗುತ್ತಾನೆ. 1823ರಲ್ಲಿ ವಾರ್ನ್ಸ್‌ಡಾರ್ಫನೆಂಬ ಜರ್ಮನನು ಇದನ್ನು ನಿಯಮವಾಗಿ ಬರೆದಿಟ್ಟನು.

ನಮ್ಮ ಆಲಂಕಾರಿಕರಿಗೂ ಈ ಕುದುರೆಯ ಪರಿಚಯ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ತುರಗಪದಬಂಧವುಂಟು, ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಅರ್ಧ ಹಾಸಿನ ಮನೆಗಳಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕವೇ ಮೂಡಿ ಬರುತ್ತದೆ. ಇಂತಹ ಚಿತ್ರಕಾವ್ಯವನ್ನು ಅಧಮಕಾವ್ಯವೆಂದು ಮೂಗು ಮುರಿದ ಪಂಡಿತರೂ ಇದ್ದಾರೆ. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕಟ್ಟು ಬಿಗಿಯಾದಂತೆಲ್ಲ ಕವಿಯ ಜಾಣ್ಮೆ ಹೆಚ್ಚುವುದು ನಿಜವಾದರೆ, ಅದರಲ್ಲಿ ರಸವಿರಕೂಡದೆಂಬ ಶಾಸನವೇನೂ ಇಲ್ಲವಷ್ಟೆ.

ಈಗ ಮರಿಮಗನ ಕಡೆಗೆ ಬರೋಣ. 1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜರು ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಅಭ್ಯಾಸಮಾಡಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯನ್ನೂ ಪಡೆದರು. ನಡುವೆ, 1940ರಲ್ಲಿ, ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡದ್ದರಿಂದ, ವೇದಿಕೆಯ ಪಿಯಾನೋವಾದಕನಾಗುವ ಆಸೆಯನ್ನು ಬದಿಗಿಟ್ಟು ಇಪ್ಪತ್ತೊಂದರ ಎಳೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಬೇಕಾಯಿತು. ಕರ್ನಾಟಕ ಸಂಗೀತದ ಕಡೆಗೆ ಅವರ ಮನಸ್ಸು ಪೂರ್ಣವಾಗಿ ತಿರುಗಿದ್ದು ಆ ಬಳಿಕ. ಆಸ್ಥಾನದಲ್ಲಿ ವಾಗ್ಗೇಯಕಾರ ವಾಸುದೇವಾಚಾರ್ಯರಿದ್ದರು, ವೀಣೆಯ ವೆಂಕಟಗಿರಿಯಪ್ಪನವರಿದ್ದರು. ಶ್ರೀವಿದ್ಯೆಯ ಉಪಾಸಕರಾದ ದೊರೆಗಳು ‘ಶ್ರೀವಿದ್ಯಾ’ ಎಂಬ ಅಂಕಿತವನ್ನಿಟ್ಟು ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸತೊಡಗಿದರು.

ಇಲ್ಲಿಯೇ ನನ್ನ ಕುದುರೆ ಒಳಗೆ ಬರುವುದು. ನೂರೆಂಟು ರಾಗಗಳಲ್ಲಿ ನೂರೆಂಟು ಕೃತಿಗಳನ್ನು ರಚಿಸಿ ಅರಮನೆಯ ಭುವನೇಶ್ವರಿಗೆ ಸಮರ್ಪಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಒಂದು ರಾಗವನ್ನು ಒಮ್ಮೆ ಮೆಟ್ಟಿದ ಮೇಲೆ ಮತ್ತೆ ಮೆಟ್ಟುವಂತಿಲ್ಲ; ಎಲ್ಲರೂ ಬಲ್ಲ ಕಲ್ಯಾಣಿಯೂ ಹಾಡುವವರಿಲ್ಲದೆ ಬಿದ್ದಿದ್ದ ವಿರಳ ರಾಗಗಳೂ ಸಮಾನವಾಗಿ ಒಂದೊಂದು ಮನೆ. ತೊಂಬತ್ತನಾಲ್ಕು ಮನೆಗಳನ್ನು ಹಾದು ನಡೆ ನಿಂತಿತು, ಹದಿನಾಲ್ಕು ಉಳಿದವು. ಮುತ್ತಾತನ ಆಟವೇ ಮರಿಮಗನ ಕೃತಿಗಳಿಗೆ ಪ್ರೇರಣೆಯೆಂದು ಸಾಧಿಸುವ ಹಟ ನನಗಿಲ್ಲ. ಕಡಲೆಕಾಯಿಯ ಆಟವನ್ನು ಆಡಿದವನು ಈ ತೊಂಬತ್ತನಾಲ್ಕನ್ನು ಬಿಡಿಬಿಡಿಯಾಗಿ ಕೇಳದೆ ಒಂದೇ ನಡೆಯ ಹೆಜ್ಜೆಗಳೆಂದು ಕೇಳುತ್ತಾನೆ, ನನ್ನ ವಾದ ಅಷ್ಟೇ. ತ್ಯಾಗರಾಜರು ತೋಡಿಗೆ ಮತ್ತೆಮತ್ತೆ ಹಿಂದಿರುಗಿ ಒಂದೊಂದು ಸಲವೂ ಒಂದೊಂದು ಮುಖವನ್ನು ಕಂಡರು. ಇಲ್ಲಿ ಆ ಸೌಕರ್ಯವಿಲ್ಲ. ಹೇಳಬೇಕಾದದ್ದನ್ನು ಒಂದೇ ಸಲಕ್ಕೆ ಹೇಳಿ ಮುಗಿಸತಕ್ಕದ್ದು. ಆದಕಾರಣವೇ ಈ ಕೃತಿಗಳಲ್ಲಿ ಒಂದು ಬಗೆಯ ಅಡಕ, ರಾಗದ ಮುಖ್ಯ ಸಂಚಾರಗಳನ್ನೆಲ್ಲ ಒಳಗೊಳ್ಳಬೇಕೆಂಬ ಒಂದು ತವಕ ಕಾಣುತ್ತದೆ.

ಮೊದಲ ಪಾಠಕ್ಕೆ ಗಂಭೀರನಾಟದ ‘ಶ್ರೀ ಜಾಲಂಧರಂ’ ಎಂಬುದನ್ನು ಆರಿಸಿಕೊಳ್ಳಿ. ಷಡ್ಜ, ಅಂತರಗಾಂಧಾರ, ಶುದ್ಧಮಧ್ಯಮ, ಪಂಚಮ, ಕಾಕಲಿನಿಷಾದ: ರಾಗಕ್ಕೆ ಇರುವುದು ಈ ಐದೇ ಸ್ವರ, ರಿಷಭ ಧೈವತಗಳು ನಿಷಿದ್ಧ. ಷಡ್ಜದಿಂದ ಗಾಂಧಾರಕ್ಕೆ ಒಂದು ದೊಡ್ಡ ನೆಗೆತ, ಅಲ್ಲಿಂದ ಮಧ್ಯಮಕ್ಕೆ ಪಕ್ಕದ ಒಂದೇ ಹೆಜ್ಜೆ. ಪಂಚಮದಿಂದ ನಿಷಾದಕ್ಕೆ ಮತ್ತೆ ನೆಗೆತ, ನಿಷಾದದಿಂದ ಮೇಲಿನ ಷಡ್ಜಕ್ಕೆ ಮತ್ತೆ ಪಕ್ಕದ ಹೆಜ್ಜೆ. ಕುದುರೆಯ ನಡೆಯನ್ನು ಕೈಯಾರೆ ಮಾಡಿದವನಿಗೆ ಇದರ ಲಯವನ್ನು ವಿವರಿಸಬೇಕಾದ್ದಿಲ್ಲ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಬಿಳಿ ಒಂದನ್ನು ಷಡ್ಜವಾಗಿ ಹಿಡಿಯಿರಿ. ಐದು ಸ್ವರಗಳೂ ಬಿಳಿಯ ಪಟ್ಟಿಗಳ ಮೇಲೆಯೇ ಸಿಗುತ್ತವೆ. ಇಷ್ಟಾದ ಮೇಲೆ ಕೃತಿಯನ್ನು ಕೇಳುತ್ತ, ಸಾಹಿತ್ಯದ ಅರ್ಥವನ್ನು ಸದ್ಯಕ್ಕೆ ಮರೆತು, ಬಿಟ್ಟುಹೋದ ಎರಡು ಸ್ವರಗಳ ಜಾಗದಲ್ಲಿ ದನಿ ಹೇಗೆ ಹಾರುತ್ತದೆಂಬುದನ್ನಷ್ಟೇ ಗಮನಿಸಿರಿ.

ಎರಡನೆಯ ಪಾಠವು ಸಂಧಿಯದು. ಕುದುರೆಯ ನಡೆಗಳಲ್ಲಿ ಅತ್ಯುತ್ತಮವೆಂದು ಬಲ್ಲವರು ಎಣಿಸುವುದು ಯಾವುದೆಂದರೆ, ಅರವತ್ತನಾಲ್ಕನೆಯ ಮನೆಯಿಂದ ಇನ್ನೊಂದೇ ನೆಗೆತಕ್ಕೆ ಮೊದಲ ಮನೆಗೆ ಬಂದು ಸೇರತಕ್ಕದ್ದು. ಕೃತಿಯಲ್ಲಿಯೂ ಅನುಪಲ್ಲವಿ ಮುಗಿದಾಗ ಒಮ್ಮೆ, ಚರಣ ಮುಗಿದಾಗ ಇನ್ನೊಮ್ಮೆ ಗಾಯಕನು ಪಲ್ಲವಿಗೆ ಮರಳುತ್ತಾನೆ. ಚರಣದ ಕಡೆಯ ಸ್ವರವು ಪಲ್ಲವಿಯ ಎತ್ತುಗಡೆಯನ್ನು ತಡವರಿಸದೆ, ತಾಳದ ನಿಯತ ಸ್ಥಾನದಲ್ಲಿ ಹಿಡಿಯಬೇಕು. ಹೊಸಬರು ಬಹುಮಟ್ಟಿಗೆ ಈ ಘಟ್ಟದಲ್ಲಿಯೇ ಪಕ್ಕದವರೊಡನೆ ಮಾತಿಗೆ ತೊಡಗುತ್ತಾರೆ, ಪದ್ಯ ಮುಗಿಯಿತೆಂಬ ಭಾವನೆಯಿಂದ. ನಿಜವಾಗಿ ರಚನಕಾರನ ಕೈ ಎಷ್ಟು ನುರಿತದ್ದೆಂಬುದು ಅಲ್ಲಿಯೇ ಗೊತ್ತಾಗುವುದು.

ಪಿಯಾನೋ ಎಲ್ಲಿ ಹೋಯಿತೆಂದು ಕೇಳುವವರುಂಟು. ಕಲಿತ ವಿದ್ಯೆಯನ್ನು ದೊರೆಗಳು ಮರೆಯಲಿಲ್ಲ. ಲಂಡನ್ನಿನಲ್ಲಿ ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ಇದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನ ಸಂಗೀತವು ಅವನ ಕೈಯಿಂದಲೇ ಗ್ರಾಮಫೋನು ತಟ್ಟೆಗಳಲ್ಲಿ ಉಳಿಯುವಂತೆ ಧನಸಹಾಯ ಮಾಡಿದರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ ಅದರ ಹಿಂದೆ ಇದ್ದದ್ದೂ ಇವರದೇ ಹಣದ ಭರವಸೆ. ಇಷ್ಟು ಪಾಶ್ಚಾತ್ಯ ಸಂಸ್ಕಾರವಿದ್ದವರು ತಮ್ಮ ಕೃತಿಗಳಲ್ಲಿ ಆ ಧಾಟಿಯನ್ನು ತರಲಿಲ್ಲವೆಂಬುದೇ ನನಗೆ ಅತ್ಯಂತ ಆಶ್ಚರ್ಯದ ಸಂಗತಿ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತವನ್ನು ತೊಡಿಸಿ ನೋಟುಸ್ವರಗಳನ್ನು ಮಾಡಿದರು. ಅವರ ಮಾರ್ಗವನ್ನೇ ಅನೇಕ ಅಂಶಗಳಲ್ಲಿ ಹಿಡಿದ ಈ ದೊರೆಗಳು ಆ ಒಂದು ಕೆಲಸವನ್ನು ಮಾಡಲಿಲ್ಲ. ಪಿಯಾನೋದ ಮಿತಿಯನ್ನು ಅದನ್ನು ಚೆನ್ನಾಗಿ ಬಲ್ಲವನೇ ಅರಿಯಬಲ್ಲನು. ಒತ್ತಿದ ಪಟ್ಟಿಯ ನಾದ ಹುಟ್ಟಿದ ಕ್ಷಣದಿಂದ ಕ್ಷೀಣಿಸುತ್ತ ಹೋಗುತ್ತದೆಯೇ ಹೊರತು ಬಾಗುವುದಿಲ್ಲ. ಗಂಭೀರನಾಟದ ಅಸ್ಥಿಪಂಜರವಾದರೂ ಅದರ ಮೇಲೆ ನಿಂತೀತು. ಅಠಾಣದ ನಿಷಾದವನ್ನು ಯಾವ ಒಂದು ಪಟ್ಟಿಯ ಮೇಲೂ ನಿಲ್ಲಿಸಲಾಗದು.

   

ಮೂರನೆಯ ಪಾಠಕ್ಕೆ ಅಠಾಣದ ‘ಶ್ರೀ ಮಹಾಗಣಪತಿಂ’ ಯೋಗ್ಯವಾದದ್ದು. ಗಂಭೀರನಾಟದಲ್ಲಿ ನೆಗೆತಗಳನ್ನು ಎಣಿಸಿದ ಕಿವಿಗೆ ಇಲ್ಲಿ ಎಣಿಕೆ ತಪ್ಪುತ್ತದೆ. ಸ್ವರಗಳು ಒಂದರೊಳಗೊಂದು ಜಾರುತ್ತವೆ, ದಾರಿ ಸುತ್ತಿ ಬರುತ್ತದೆ. ಚರಣದಲ್ಲಿ ‘ಶ್ರೀವಿದ್ಯಾ’ ಎಂಬ ಅಂಕಿತವು ಬಂದಾಗ ಪಲ್ಲವಿಗೆ ಮರಳುವ ಘಟ್ಟ ಸಮೀಪಿಸಿತೆಂದು ಸಿದ್ಧರಾಗಬಹುದು. ವಿದ್ವಾಂಸರು ಇದನ್ನು ಎತ್ತಿಕೊಳ್ಳುವುದು ಬಹುಧಾ ಕಛೇರಿಯ ಮೊದಲ ಅರ್ಧ ಗಂಟೆಯೊಳಗೆ, ವರ್ಣ ಮುಗಿದೊಡನೆ. ಆದುದರಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಯನ್ನು ಕಛೇರಿಗೆ ಮುಂಚೆ ತಿನ್ನುವ ಯೋಚನೆಯನ್ನು ಬಿಡತಕ್ಕದ್ದು. ಅಲ್ಲಿಯ ಸರದಿಯಲ್ಲಿ ಕಾದು, ತಿಂದು, ಕಾಫಿ ಕುಡಿದು ಗಾಯನ ಸಮಾಜವನ್ನು ಮುಟ್ಟುವಷ್ಟರಲ್ಲಿ ಗಣಪತಿಯು ಮುಗಿದು ಆಲಾಪನೆ ಆರಂಭವಾಗಿರುತ್ತದೆ.